ಗರಗಸದ ಹಾಜರಿ

ಇಪ್ಪತ್ತು ಬೆಂಚುಗಳನ್ನು ಮೂರನೇ ಮಹಡಿಯ ಹೊಸ ಮರಗೆಲಸದ ಕೋಣೆಗೆ ಹೊತ್ತವರು ಒಂಬತ್ತನೇ ತರಗತಿ ಡಿ ವಿಭಾಗದ ಮಕ್ಕಳು. ಒಂದೊಂದಕ್ಕೂ ನಾಲ್ಕು ಜನ. ಹಲಗೆ ಗಟ್ಟಿ ಮರದ್ದು, ಕಾಲು ಕಬ್ಬಿಣದ್ದು. ಅಂಚಿಗೆ ಮರವನ್ನು ಕಚ್ಚಿ ಹಿಡಿಯುವ ಕಬ್ಬಿಣದ ಬಾಯಿ ಬೇರೆ. ಮೆಟ್ಟಿಲ ತಿರುವಿನಲ್ಲಿ ಬೆಂಚು ತಿರುಗುವುದಿಲ್ಲ, ಮಕ್ಕಳೇ ತಿರುಗಬೇಕು. ನನ್ನ ಮಗಳೂ ಹೊತ್ತಳು. ಸಂಜೆ ಅಂಗಿಯ ಹೆಗಲು ಜಾರಿಸಿ ತೋರಿಸಿದಳು. ಚರ್ಮ ಕಿತ್ತು ಹೋಗಿತ್ತು.

"ಉರಿಯುತ್ತೇನೇ?" ಎಂದೆ.

"ಉರೀಲಿ ಬಿಡಮ್ಮ. ಆ ಕಬ್ಬಿಣದ ಬಾಯಿ ಇದೆಯಲ್ಲ, ಹಿಡಿ ತಿರುಗಿಸಿದ್ರೆ ಮುಚ್ಕೊಳ್ಳುತ್ತೆ. ನಮ್ಮ ಕ್ಲಾಸಿನ ಗುಂಡ ಬೆರಳಿಟ್ಟು ನೋಡ್ದ. ನಿಜವಾಗ್ಲೂ ಮುಚ್ಕೊಳ್ತು. ನಾಳೆಯಿಂದ ನಮಗೆ ಅಲ್ಲೇ ಪಾಠ."

ಮರುದಿನ ಆ ಬೆಂಚುಗಳಲ್ಲಿ ಎ ವಿಭಾಗದವರು ಕೂತರು. ಅದರ ಮರುದಿನ ಬಿ, ಆಮೇಲೆ ಸಿ. ಡಿ ವಿಭಾಗದವರನ್ನು ಮೈದಾನದಲ್ಲಿ ಕಲ್ಲು ಆರಿಸಲು ಬಿಟ್ಟರು. ವೇಳಾಪಟ್ಟಿಯಲ್ಲಿ ಅದಕ್ಕೆ ಆಟದ ಪೀರಿಯಡ್ಡು ಎಂದು ಹೆಸರು.

ನಾನು ಆ ಶಾಲೆಯಲ್ಲಿ ಕಸ ಗುಡಿಸುವವಳು. ಹದಿನಾರು ವರ್ಷವಾಯಿತು. ಮಕ್ಕಳಿಗೆ ಆಯಮ್ಮ, ಮೇಷ್ಟ್ರುಗಳಿಗೆ 'ಏನಮ್ಮ', ಹೆಡ್ಮಾಸ್ಟರಿಗೆ 'ಇಲ್ಲಿ ಬಾರಮ್ಮ'. ಗುಡಿಸುತ್ತಾ ಗುಡಿಸುತ್ತಾ ಹೆಡ್ಮಾಸ್ಟರನ್ನು ಕೇಳಿದೆ, ಡಿ ವಿಭಾಗಕ್ಕೆ ಆ ಕೋಣೆ ಯಾಕಿಲ್ಲ ಎಂದು.

ಸೋಮವಾರ ಅವರು ಹೇಳಿದರು: "ಆ ಮಕ್ಕಳ ಕೈಗೆ ಉಳಿ ಸುತ್ತಿಗೆ ಕೊಟ್ರೆ ಸಂಜೆಗೆ ಗುಜರಿ ಅಂಗಡೀಲಿರುತ್ತೆ."

ಬುಧವಾರ ಮತ್ತೆ ಕೇಳಿದೆ. "ಅವರ ಅಪ್ಪ ಅಮ್ಮ ಎಲ್ಲ ಕೈಕೆಲಸದವರೇ ಅಲ್ವೇನಮ್ಮ. ಮನೇಲೇ ಕಲೀತಾರೆ. ಇಲ್ಲಿ ಬೇರೆ ಯಾಕೆ?"

ಶುಕ್ರವಾರ: "ಏನು ಮಾಡ್ಲಿ, ಬೆಂಚು ಸಾಲಲ್ಲ."

ಹೊತ್ತವರಿಗೆ ಬೆಂಚಿನ ಲೆಕ್ಕ ಗೊತ್ತಿರುತ್ತದೆ. ಇಪ್ಪತ್ತು ಬೆಂಚಿಗೆ ನಲವತ್ತು ಮಕ್ಕಳು ಕೂರಬಹುದು. ಡಿ ವಿಭಾಗದಲ್ಲಿದ್ದವರು ಮೂವತ್ತೆಂಟು.

ಕೋಣೆಗೆ 'ವಿನ್ಯಾಸ ಮತ್ತು ತಂತ್ರಜ್ಞಾನ' ಎಂದು ಬೋರ್ಡು ಬಿತ್ತು. ಒಂದು ಗೋಡೆಯ ತುಂಬ ದೊಡ್ಡ ಹಲಗೆ. ಹಲಗೆಯ ಮೇಲೆ ಒಂದೊಂದು ಉಪಕರಣದ ಆಕಾರಕ್ಕೂ ಬಿಳಿ ಗೆರೆ. ಗೆರೆಯೊಳಗೆ ಉಪಕರಣ. ಗರಗಸ, ಉಳಿ, ಸುತ್ತಿಗೆ, ಅರ, ಮರ ನುಣುಪು ಮಾಡುವ ಹತ್ತರಿ. ಎಲ್ಲವನ್ನೂ ತಂತಿಯಲ್ಲಿ ಬಿಗಿದು ಕಟ್ಟಿತ್ತು. ಕಣ್ಣಿಗೆ ಹಾಕುವ ಕನ್ನಡಕ ನಲವತ್ತು ಬಂದಿದ್ದವು. ಫೋಟೋ ತೆಗೆಸಿಕೊಂಡ ಮೇಲೆ ಮೂವತ್ತೊಂಬತ್ತು ಉಳಿದವು. ಹೆಡ್ಮಾಸ್ಟರ ಮನೆಯಲ್ಲಿ ಈರುಳ್ಳಿ ಹೆಚ್ಚುವವರು ಈಗ ಅಳುತ್ತಿಲ್ಲ ಎಂದು ಗುಮಾಸ್ತರು ಹೇಳಿದರು.

ಆ ಕೋಣೆಯ ಮೇಷ್ಟ್ರು ಹೊಸಬರು, ಸಣಕಲು, ಯಾವಾಗಲೂ ಬೆವರುವವರು. ಸೊಂಟದಲ್ಲಿ ಬೀಗದ ಕೈ ಗೊಂಚಲು. ಮಕ್ಕಳು ಅವರಿಗೆ ಬೀಗದ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಒಂದು ಉಳಿ ಕಳೆದರೂ ನೀವೇ ಜವಾಬ್ದಾರಿ ಎಂದು ಹೆಡ್ಮಾಸ್ಟರು ಮೊದಲ ದಿನವೇ ಬರೆಸಿಕೊಂಡಿದ್ದರು. ಹಾಗಾಗಿ ಅವರು ಮೊದಲು ಉಪಕರಣಗಳ ಹಾಜರಿ ತೆಗೆಯುತ್ತಿದ್ದರು.

"ಗರಗಸ?"

"ಇದೆ ಸಾರ್," ಎ ವಿಭಾಗದವರು ಒಟ್ಟಾಗಿ.

"ಸುತ್ತಿಗೆ?"

"ಇದೆ ಸಾರ್."

ಪೀರಿಯಡ್ಡಿನ ಕೊನೆಗೆ ಮತ್ತೊಮ್ಮೆ. ನಡುವೆ ಉಳಿದ ಇಪ್ಪತ್ತು ನಿಮಿಷ ಪಾಠ. ಸುತ್ತಿಗೆಗೆ ತಲೆ ಇರುತ್ತದೆ, ಹಿಡಿ ಇರುತ್ತದೆ, ಬರೆದುಕೊಳ್ಳಿ. ಮಕ್ಕಳು ಸುತ್ತಿಗೆಯ ಚಿತ್ರ ಬರೆದು ತಲೆಗೆ ನೀಲಿ, ಹಿಡಿಗೆ ಹಳದಿ ಬಣ್ಣ ಹಚ್ಚುತ್ತಿದ್ದರು. ಇಡೀ ಶಾಲೆಯಲ್ಲಿ ನೂರಕ್ಕೆ ನೂರು ಹಾಜರಿ ಇದ್ದದ್ದು ಗರಗಸಕ್ಕೆ ಮಾತ್ರ.

ನಾನು ಬಾಗಿಲ ಬಳಿ ಪೊರಕೆ ಹಿಡಿದು ನಿಂತು ಇದನ್ನೆಲ್ಲ ಕೇಳುತ್ತಿದ್ದೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಕಾರಣವಿದೆ.

ನಮ್ಮಪ್ಪ ಬಡಗಿ. ಕುರ್ಚಿ, ಮೇಜು, ಬಾಗಿಲು ಮಾಡುತ್ತಿದ್ದ. ಗಂಡುಮಕ್ಕಳಿರಲಿಲ್ಲ, ನನ್ನನ್ನೇ ಎದುರಿಗೆ ನಿಲ್ಲಿಸಿಕೊಂಡು ಗರಗಸ ಎಳೆಸುತ್ತಿದ್ದ. ಹನ್ನೆರಡು ವರ್ಷಕ್ಕೆ ನಾನು ಹೊಡೆದ ಹತ್ತರಿಯಿಂದ ಮರದ ಸುರುಳಿ ಮೊಳದುದ್ದ ಹರಿಯದೆ ಬರುತ್ತಿತ್ತು. ಅಪ್ಪ ಸತ್ತ ಮೇಲೆ ಅಂಗಡಿ ಚಿಕ್ಕಪ್ಪನ ಕೈಗೆ ಹೋಯಿತು. ಹೆಣ್ಣು ಉಳಿ ಹಿಡಿದು ಕೂತರೆ ಗಿರಾಕಿ ಬರುವುದಿಲ್ಲ ಎಂದ. ನಾನು ಪೊರಕೆ ಹಿಡಿದೆ. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ.

ಒಮ್ಮೆ ಸ್ಟಾಫ್ ರೂಮಿನ ಮುರಿದ ಕುರ್ಚಿಗೆ ಕಾಲು ಕೂರಿಸಿದೆ. ಅದೇ ತಪ್ಪಾಯಿತು. ಅಂದಿನಿಂದ ವರ್ಷ ವರ್ಷವೂ ಶಾಲೆಯ ವಸ್ತುಪ್ರದರ್ಶನಕ್ಕೆ ವಿದ್ಯಾರ್ಥಿಗಳು ತಯಾರಿಸಿದ ವಸ್ತುಗಳನ್ನು ತಯಾರಿಸುವವಳು ನಾನು. ಟ್ರೇ ಮಾಡಿದೆ. ಫೋಟೋ ಚೌಕಟ್ಟು ಮಾಡಿದೆ. ಹಕ್ಕಿಗೂಡು ಮಾಡಿದೆ. ಬೆಳಗ್ಗೆ ನೆಲ ಒರೆಸಿ, ಸಂಜೆ ಮನೆಯ ಹಿಂದೆ ಮರ ಕೊಯ್ದೆ. ಮಗಳಿಗೆ ಇಲ್ಲಿ ಸೀಟು ಕೊಟ್ಟಿದ್ದೇವೆ, ನೆನಪಿರಲಿ ಎಂದು ಹೆಡ್ಮಾಸ್ಟರು ನೆನಪಿಸುತ್ತಿದ್ದರು.

ಹೋದ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರ ಮಗನಿಗೆ ಮೊದಲ ಬಹುಮಾನ ಬಂತು. ಮುಚ್ಚಳ ಜಾರುವ ಪೆಟ್ಟಿಗೆ. ಅವನ ತಾಯಿ ಅದನ್ನು ನನ್ನ ಕೈಗೆ ಕೊಟ್ಟು ಕಾರಿನಲ್ಲಿಡಲು ಹೇಳಿದರು.

"ಹುಷಾರು ಕಣಮ್ಮ, ಬೀಳಿಸಬೇಡ. ನಿಮ್ಮಂಥವರಿಗೆ ಇದರ ಹಿಂದಿನ ಕಷ್ಟ ಗೊತ್ತಾಗಲ್ಲ."

"ಹೌದಮ್ಮ," ಎಂದೆ. ಹೆಬ್ಬೆರಳಿನಲ್ಲಿ ಆ ಪೆಟ್ಟಿಗೆಯ ಚೂರು ಇನ್ನೂ ಚುಚ್ಚಿಕೊಂಡಿತ್ತು.

ಈ ವರ್ಷ ಹೊಸ ಸುತ್ತೋಲೆ ಬಂತು. ಅದು ಹೆಡ್ಮಾಸ್ಟರ ಮೇಜಿನ ಮೇಲಿತ್ತು. ಮೇಜು ಒರೆಸುವವಳಿಗೆ ಓದಲು ಬರುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ತಪಾಸಣೆಯವರು ಬರುತ್ತಾರೆ. ಉಪಕರಣಗಳು ಹೊಸದರಂತಿದ್ದು, ವಿದ್ಯಾರ್ಥಿಗಳು ತಯಾರಿಸಿದ ಒಂದು ವಸ್ತುವೂ ಇದ್ದರೆ, ಆ ಕೋಣೆಯನ್ನು 'ಮಾದರಿ ಕೊಠಡಿ' ಎಂದು ಘೋಷಿಸುತ್ತಾರೆ. ಆಮೇಲೆ ಬಾಗಿಲಿಗೆ ಅಡ್ಡ ಹಗ್ಗ. ಉಪಕರಣಗಳಿಗೆ ಗಾಜಿನ ಬೀರು. ಬೇರೆ ಶಾಲೆಯವರು ಬಂದು ಹಗ್ಗದ ಈಚೆ ನಿಂತು ನೋಡಿಕೊಂಡು ಹೋಗಬೇಕು. ಅಂದರೆ ಡಿ ವಿಭಾಗಕ್ಕೆ ಆ ಕೋಣೆ ಈ ವರ್ಷವೂ ಇಲ್ಲ, ಮುಂದೆ ಎಂದೂ ಇಲ್ಲ.

ಹೆಡ್ಮಾಸ್ಟರು ನನ್ನನ್ನು ಕರೆದರು. ಗುಮಾಸ್ತರೂ ಅಲ್ಲೇ ಇದ್ದರು.

"ಈ ಸಲ ಸ್ವಲ್ಪ ದೊಡ್ಡದು ಮಾಡಮ್ಮ. ಒಂದು ಸ್ಟೂಲು. ಅಧ್ಯಕ್ಷರ ಮಗ ತೋರಿಸ್ತಾನೆ."

"ಆಗಲ್ಲ ಸಾರ್."

"ಮರ ತರಿಸಿಕೊಡ್ತೀನಿ."

"ಮರ ಇದ್ರೂ ಆಗಲ್ಲ."

"ಯಾಕೆ, ಕೈ ನೋವಾ?"

"ಕೈ ಚೆನ್ನಾಗೇ ಇದೆ ಸಾರ್."

"ಮಾಡೋಕೆ ಬರುತ್ತೆ, ಆದ್ರೆ ಮಾಡಲ್ಲ ಅಂತೀಯ?"

"ಅದೇ ಸಾರ್. ನೀವು ಚೆನ್ನಾಗಿ ಹೇಳಿದ್ರಿ."

ಅವರು ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ಫ್ಯಾನಿನ ಕಡೆ ನೋಡಿದರು.

"ನಿನ್ನ ಮಗಳು ಇಲ್ಲೇ ಓದ್ತಾ ಇದ್ದಾಳೆ ಅಲ್ವಾ?"

"ಓದ್ತಾ ಇಲ್ಲ ಸಾರ್. ಕಲ್ಲು ಆರಿಸ್ತಾ ಇದ್ದಾಳೆ."

ಹೊರಗೆ ಬಂದೆ. ಬಕೆಟ್ಟು ಇಡುವ ಗೂಡಿನೊಳಗೆ ಹೋಗಿ ಕೂತು ಒಂದು ಚೊಂಬು ನೀರು ಕುಡಿದೆ. ಇಷ್ಟು ಸುಲಭದ ಮಾತನ್ನು ಇಷ್ಟು ವರ್ಷ ಯಾಕೆ ಆಡಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಸ್ಟೂಲಿನ ಹೊರೆ ಬೀಗದ ಮೇಷ್ಟ್ರ ತಲೆಗೆ ಬಿತ್ತು. ನಾಲ್ಕು ದಿನ ಕಳೆದು ನಾನು ಮೂರನೇ ಮಹಡಿ ಗುಡಿಸಲು ಹೋದಾಗ ಕೋಣೆಯೊಳಗೆ ಯಾರೋ ಏದುಸಿರು ಬಿಡುತ್ತಿದ್ದರು. ಇಣುಕಿದೆ. ಮೇಷ್ಟ್ರು ಹತ್ತರಿಯನ್ನು ಮಗುಚಿ ಹಿಡಿದು ಹಲಗೆಯ ಮೇಲೆ ಉಜ್ಜುತ್ತಿದ್ದರು. ಅಲಗು ಸೂರನ್ನು ನೋಡುತ್ತಿತ್ತು.

"ಸಾರ್," ಎಂದೆ, "ಮರ ಕೆಳಗಿದೆ, ಅಲಗು ಮೇಲಿದೆ. ಎರಡಕ್ಕೂ ಒಂದ್ಸಲ ಪರಿಚಯ ಮಾಡಿಸ್ಬೇಕಲ್ವಾ?"

ಅವರು ಬೆಚ್ಚಿ ಮೊದಲು ಗೋಡೆಯ ಮೇಲಿನ ಉಪಕರಣಗಳನ್ನು ಎಣಿಸಿದರು. ಆಮೇಲೆ ಬೆಂಚಿನ ಮೇಲೆ ಕುಸಿದು ಕೂತರು.

"ನನಗೆ ಗೊತ್ತಿಲ್ಲಮ್ಮ. ನಾನು ಓದಿದ್ದು ಭೂಗೋಳ. ಈ ವಿಷಯ ಯಾರಿಗೂ ಬೇಡವಾಗಿತ್ತು, ಹೊಸಬ ಅಂತ ನನ್ನ ಕೊರಳಿಗೆ ಕಟ್ಟಿದ್ರು. ನಾನು ಹುಟ್ಟಿದಾಗಿಂದ ಒಂದು ಮೊಳೆ ಹೊಡೆದವನಲ್ಲ. ನೀನು ಕಲಿಸ್ತೀಯಾ?"

"ಕಲಿಸ್ತೀನಿ. ಆದ್ರೆ ಒಬ್ಬರಿಗೇ ಕಲಿಸಲ್ಲ. ಡಿ ವಿಭಾಗದ ಮಕ್ಕಳ ಜೊತೆ ಕೂತು ಕಲೀಬೇಕು."

"ಒಂದು ಉಳಿ ಕಳೆದ್ರೆ?"

"ಕಳೆಯೋಕೆ ಮೊದ್ಲು ಅದು ಯಾರ ಕೈಗಾದ್ರೂ ಸಿಗಬೇಕಲ್ಲ ಸಾರ್."

ಮೇಷ್ಟ್ರು ಎದ್ದು ಇಕ್ಕಳ ತಂದು ಒಂದೊಂದಾಗಿ ತಂತಿ ಕತ್ತರಿಸಿದರು. ಕತ್ತರಿಸಿದ ತುಂಡುಗಳನ್ನೂ ಎಣಿಸಿ ಜೇಬಿಗೆ ಹಾಕಿಕೊಂಡರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಆಟದ ಪೀರಿಯಡ್ಡು ಮೂರು ಗಂಟೆಗೆ. ಡಿ ವಿಭಾಗದವರು ಮೇಲೆ ಬಂದು ಗೋಡೆಗೆ ಒತ್ತಿ ನಿಂತರು. ಕೂರಬಹುದು ಎಂದು ಯಾರಿಗೂ ಅನ್ನಿಸಲಿಲ್ಲ. ನಾನೇ ಹೇಳಬೇಕಾಯಿತು. ಹೆಡ್ಮಾಸ್ಟರಿಗೆ ಮಂಡಿನೋವು, ಮೂರನೇ ಮಹಡಿ ಹತ್ತುವುದಿಲ್ಲ. ಸದ್ದು ಕೇಳಿ ಕೆಳಗಿನಿಂದ ಹೇಳಿಕಳಿಸಿದರೆ, "ಸ್ಟೂಲು ಮಾಡ್ತಾ ಇದ್ದೀವಿ ಸಾರ್" ಎಂದು ಮೇಷ್ಟ್ರು ಉತ್ತರ ಕಳಿಸುತ್ತಿದ್ದರು. ಯಾರು ಮಾಡುತ್ತಿದ್ದಾರೆ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಮೊದಲ ದಿನ ಮೇಷ್ಟ್ರು ರೂಢಿಯಂತೆ ಹಾಜರಿಗೆ ನಿಂತರು.

"ಗರಗಸ?"

ಗುಂಡ ಎದ್ದು ನಿಂತ. "ಸಾರ್, ನಾವೂ ಬಂದಿದ್ದೀವಿ. ನಮ್ಮ ಹೆಸರೂ ಒಂದ್ಸಲ ಕರೀರಿ."

ಮೇಷ್ಟ್ರು ಪುಸ್ತಕ ಹುಡುಕಿದರು. ಆ ಕೋಣೆಯಲ್ಲಿ ಡಿ ವಿಭಾಗದ ಹಾಜರಿ ಪುಸ್ತಕವೇ ಇರಲಿಲ್ಲ. ಉಪಕರಣಗಳ ಪಟ್ಟಿಯನ್ನೇ ತಿರುಗಿಸಿ ಹಿಂಬದಿಯಲ್ಲಿ ಮೂವತ್ತೆಂಟು ಹೆಸರು ಬರೆದುಕೊಂಡರು.

ಗರಗಸ ಕೊಯ್ಯಲಿಲ್ಲ. ತುಕ್ಕು ಹಿಡಿದೀತೆಂದು ಮೇಷ್ಟ್ರು ಅದಕ್ಕೆ ಹಲ್ಲು ಸಮೇತ ಮೂರು ಸಲ ವಾರ್ನಿಷ್ ಬಳಿದಿದ್ದರು. ನನ್ನ ಮಗಳು ಅರ ಹಿಡಿದು ಒಂದೊಂದೇ ಹಲ್ಲು ಉಜ್ಜಿದಳು. ಪ್ರತಿ ಉಜ್ಜಿಗೂ ಮೇಷ್ಟ್ರು ತಮ್ಮ ಹಲ್ಲನ್ನೇ ಉಜ್ಜಿದಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರ ಮೊದಲ ಏಳು ಮೊಳೆ ಸೊಟ್ಟಗಾದವು. ಎಂಟನೆಯದು ನೆಟ್ಟಗೆ ಇಳಿಯಿತು. ಅದರ ತಲೆಯನ್ನು ಬೆರಳಿನಿಂದ ಸವರುತ್ತಾ ಗಂಟೆ ಹೊಡೆಯುವವರೆಗೂ ಅಲ್ಲೇ ನಿಂತಿದ್ದರು.

ಗೋಡೆಯ ಮೇಲೆ ಒಂದು ಚಾರ್ಟು ಇತ್ತು. ವಿನ್ಯಾಸದ ಮೊದಲ ಹೆಜ್ಜೆ: ಸಮಸ್ಯೆಯನ್ನು ಗುರುತಿಸಿ. ಅದರ ಕೆಳಗೆ ಎ ವಿಭಾಗದ ನಲವತ್ತು ಹಾಳೆ ತೂಗುತ್ತಿದ್ದವು. ನಲವತ್ತರಲ್ಲೂ ಒಂದೇ ಸಮಸ್ಯೆ. ಪೆನ್ನು ಇಡಲು ಜಾಗವಿಲ್ಲ.

"ನಿಮಗೇನಾದ್ರೂ ಸಮಸ್ಯೆ ಇದ್ರೆ ಹೇಳಿ," ಎಂದರು ಮೇಷ್ಟ್ರು.

ಅಷ್ಟು ಕೇಳಿದ್ದೇ ತಡ. ಕಿಟಕಿಗೆ ಕೊಂಡಿಯಿಲ್ಲ. ಬೋರ್ಡು ಅಲುಗಾಡುತ್ತೆ. ನೀರಿನ ನಲ್ಲಿ ಎತ್ತರದಲ್ಲಿದೆ. ಅಜ್ಜಿಯ ಊರುಗೋಲು ಜಾರುತ್ತೆ. ಎರಡು ನಿಮಿಷದಲ್ಲಿ ಬೋರ್ಡು ತುಂಬಿತು. ಮೇಷ್ಟ್ರ ಸೀಮೆಸುಣ್ಣ ಮುಗಿಯಿತು. ಆಗ ಹಿಂದಿನ ಬೆಂಚಿನಿಂದ ಕಡ್ಡಿ ಎದ್ದಳು. ತುಂಬ ತೆಳ್ಳಗಿರುವುದರಿಂದ ಎಲ್ಲರೂ ಹಾಗೆ ಕರೆಯುತ್ತಾರೆ.

"ನಮ್ಮ ಕಕ್ಕಸಿನ ಎರಡೂ ಬಾಗಿಲಿಗೆ ಅಗುಳಿ ಇಲ್ಲ ಸಾರ್. ಒಬ್ಬಳು ಒಳಗೆ ಹೋದ್ರೆ ಒಬ್ಬಳು ಹೊರಗೆ ಬಾಗಿಲು ಹಿಡ್ಕೊಂಡು ನಿಲ್ಲಬೇಕು. ಹಿಡಿಯೋಕೆ ಯಾರೂ ಸಿಗದಿದ್ರೆ ಮನೆಗೆ ಹೋಗೋವರೆಗೂ ತಡ್ಕೋತೀವಿ. ಕೆಲವರು ಬೆಳಗ್ಗೆಯಿಂದ ನೀರೇ ಕುಡಿಯಲ್ಲ."

ನಾನು ಆ ಕಕ್ಕಸನ್ನು ದಿನಾ ತೊಳೆಯುವವಳು. ಬಾಗಿಲನ್ನು ದಿನಾ ನೋಡಿದವಳು. ನನಗೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಅಗುಳಿ ಮಾಡಿದೆವು. ಮೊದಲನೆಯದು ಗೇಣುದ್ದ ಹೆಚ್ಚಾಯಿತು. ಎರಡನೆಯದು ಮೊಳೆ ಹೊಡೆಯುವಾಗ ಸೀಳಿತು. ಮೂರನೆಯದು ಬಲು ಚೆನ್ನಾಗಿ ಕೂತಿತು. ಕಡ್ಡಿ ಒಳಗೆ ಹೋಗಿ ಹಾಕಿ ನೋಡಿದಳು. ತೆಗೆಯಲು ಬರಲಿಲ್ಲ. ನೀರು ತಾಗಿ ಮರ ಉಬ್ಬಿಕೊಂಡಿತ್ತು. ಇಡೀ ಪೀರಿಯಡ್ಡು ಅವಳು ಒಳಗೆ, ಮೂವತ್ತೇಳು ಜನ ಹೊರಗೆ.

"ಇದು ನಾಲ್ಕನೇ ಹೆಜ್ಜೆ ಮಕ್ಕಳೇ," ಎಂದರು ಬೀಗದ ಮೇಷ್ಟ್ರು ಬಾಗಿಲಾಚೆಯಿಂದ. "ಪರೀಕ್ಷಿಸಿ ನೋಡುವುದು."

"ಬೇಗ ಪರೀಕ್ಷಿಸಿ ಸಾರ್," ಎಂದಳು ಕಡ್ಡಿ ಒಳಗಿನಿಂದ.

ಅಂದು ನಾನು ಕಲಿಸಿದೆ, ಮರ ಕುಡಿಯುತ್ತದೆ, ಕುಡಿದರೆ ಉಬ್ಬುತ್ತದೆ, ಅದಕ್ಕೆ ಜಾಗ ಬಿಟ್ಟು ಹತ್ತರಿ ಹೊಡೆಯಬೇಕು ಎಂದು. ನಾಲ್ಕನೆಯ ಅಗುಳಿ ಬೆಣ್ಣೆಯಂತೆ ಜಾರಿತು. ಒಂದು ಬಾಗಿಲಾಯಿತು. ಅದರ ನಡುವೆ ಸ್ಟೂಲೂ ಆಯಿತು. ಮೂರು ಕಾಲು ನೆಲ ಮುಟ್ಟುತ್ತಿದ್ದವು, ನಾಲ್ಕನೆಯದು ಇನ್ನೂ ಯೋಚಿಸುತ್ತಿತ್ತು.

ತಪಾಸಣೆಯ ದಿನ ಬಂತು. ಎ ವಿಭಾಗದವರು ಹತ್ತು ಗಂಟೆಗೇ ಇಸ್ತ್ರಿ ಅಂಗಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಕೂತರು. ಉಪಕರಣಗಳೆಲ್ಲ ಬಿಳಿ ಗೆರೆಯೊಳಗೆ. ಹನ್ನೆರಡಾಯಿತು. ಎರಡಾಯಿತು. ಅಧ್ಯಕ್ಷರ ಮಗ ಹಸಿವಾಗಿ ಮನೆಗೆ ಹೋದ. ಇನ್ನು ಇವತ್ತು ಬರುವುದಿಲ್ಲ ಎಂದು ಹೆಡ್ಮಾಸ್ಟರು ಉಳಿದವರನ್ನೂ ಕಳಿಸಿ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತರು.

ಮೂರಕ್ಕೆ ಡಿ ವಿಭಾಗ ಮೇಲೆ ಬಂತು. ಎರಡನೇ ಬಾಗಿಲಿನ ಅಗುಳಿ ಬಾಕಿಯಿತ್ತು. ಮೂರೂಕಾಲಿಗೆ ಗೇಟಿನಲ್ಲಿ ಜೀಪು ನಿಂತಿತು.

ಹೆಡ್ಮಾಸ್ಟರು ತಪಾಸಣೆಯವರಿಗೆ ನೀರು ಕೊಡಿಸಿ, ಮಂಡಿನೋವು ಮರೆತು ಅವರಿಗಿಂತ ಮೊದಲು ಮೂರು ಮಹಡಿ ಓಡಿ ಹತ್ತಿದರು. ಬಾಗಿಲಲ್ಲಿ ನಿಂತರು. ನೆಲದ ತುಂಬ ಮರದ ಸುರುಳಿ. ಬೆಂಚಿನ ಮೇಲೆ ಹೊಟ್ಟು. ಗೋಡೆಯ ಹಲಗೆಯಲ್ಲಿ ಒಂದು ಉಪಕರಣವೂ ಇಲ್ಲ, ಬರೀ ಬಿಳಿ ಗೆರೆ.

"ಯಾರಿವರು?" ಎಂದರು.

"ಒಂಬತ್ತನೇ ಡಿ ಸಾರ್," ಎಂದರು ಬೀಗದ ಮೇಷ್ಟ್ರು. ಅವರ ಕಿವಿಯ ಮೇಲೆ ಪೆನ್ಸಿಲ್ಲು, ಹೆಬ್ಬೆರಳಿಗೆ ಬಟ್ಟೆ ಕಟ್ಟಿತ್ತು.

"ಹೊರಗೆ ಹಾಕ್ರಿ. ಬೀಗ ಎಲ್ಲಿ?"

ಮೇಷ್ಟ್ರು ಸೊಂಟ ಮುಟ್ಟಿ ನೋಡಿಕೊಂಡರು. ಬೀಗದ ಕೈ ಗೊಂಚಲು ಇತ್ತು. ಅದರ ಮೇಲೆ ಕೈಯಿಟ್ಟುಕೊಂಡರು, ಬಿಚ್ಚಿ ಕೊಡಲಿಲ್ಲ.

ಹೆಡ್ಮಾಸ್ಟರು ನನ್ನ ಕಡೆ ತಿರುಗಿದರು. "ಗುಡಿಸಮ್ಮ. ಬೇಗ. ಅವರು ಮೆಟ್ಟಿಲು ಹತ್ತೋದ್ರೊಳಗೆ ಆಗಬೇಕು."

ಪೊರಕೆ ನನ್ನ ಕೈಯಲ್ಲೇ ಇತ್ತು. ಹದಿನಾರು ವರ್ಷ ಆ ಮಾತು ಕೇಳಿದ ಕೈ. ನಾನು ಹೇಳುವ ಮೊದಲೇ ಬಗ್ಗಲು ಹೊರಟಿತು. ಮೂಲೆಯ ಬೆಂಚಿನಲ್ಲಿ ನನ್ನ ಮಗಳು ಗರಗಸ ಎಳೆಯುತ್ತಿದ್ದಳು. ಗೆರೆ ಮುಗಿಯಲು ಎರಡು ಬೆರಳು ಬಾಕಿ. ಅವಳು ತಲೆ ಎತ್ತಿರಲಿಲ್ಲ. ಹೆಡ್ಮಾಸ್ಟರು ಬಂದದ್ದೇ ಅವಳಿಗೆ ಗೊತ್ತಿರಲಿಲ್ಲ.

"ಗುಡಿಸಲ್ಲ ಸಾರ್," ಎಂದೆ.

"ಏನಂದೆ?"

"ಗರಗಸ ಓಡ್ತಾ ಇರೋವಾಗ ಪೊರಕೆ ಆಡಿಸಲ್ಲ. ಹೊಟ್ಟು ಎದ್ದು ಕಣ್ಣಿಗೆ ಬೀಳುತ್ತೆ, ಗೆರೆ ತಪ್ಪುತ್ತೆ, ಬೆರಳು ಹೋಗುತ್ತೆ. ನಮ್ಮಪ್ಪನ ಅಂಗಡೀಲಿ ಯಾರೂ ಗುಡಿಸ್ತಿರಲಿಲ್ಲ. ಕೆಲಸ ಮುಗೀಲಿ, ಆಮೇಲೆ ಗುಡಿಸ್ತೀನಿ."

"ನಾನು ಹೇಳ್ತಾ ಇದ್ದೀನಿ."

"ನೀವು ಹೇಳ್ತಾ ಇದ್ದೀರಿ ಸಾರ್. ಅವಳು ಕೊಯ್ತಾ ಇದ್ದಾಳೆ."

ಅವರು ನನ್ನ ಕೈಯಿಂದ ಪೊರಕೆ ಕಿತ್ತುಕೊಂಡರು. ಹಿಂದೆಂದೂ ಗುಡಿಸಿದವರಲ್ಲ. ಕಸವನ್ನು ಮೂಲೆಗೆ ಒಟ್ಟಬೇಕೆಂದು ತಿಳಿಯದೆ ಬಾಗಿಲ ಕಡೆಗೆ ಜೋರಾಗಿ ಬೀಸಿದರು. ಹೊಟ್ಟು ಮೋಡದಂತೆ ಎದ್ದಿತು. ಮೋಡದಾಚೆ ಯಾರೋ ಕೆಮ್ಮಿದರು. ಬಾಗಿಲಲ್ಲಿ ತಪಾಸಣೆಯ ಇಬ್ಬರು ನಿಂತಿದ್ದರು. ಪಟ್ಟಿ ಹಿಡಿದ ಒಬ್ಬ ಗಂಡಸು, ಅವರ ಮೇಲಿನ ಅಧಿಕಾರಿ ಒಬ್ಬ ಹೆಂಗಸು. ಇಬ್ಬರ ಹುಬ್ಬೂ ಮರದ ಬಣ್ಣಕ್ಕೆ ತಿರುಗಿತ್ತು.

"ಇವರು ಗುಡಿಸೋರಾ?" ಎಂದು ಹೆಡ್ಮಾಸ್ಟರನ್ನು ತೋರಿಸಿ ಗಂಡಸು ಕೇಳಿದರು.

"ಇವತ್ತೇ ಶುರು ಮಾಡಿದ್ದು ಸಾರ್," ಎಂದ ಗುಂಡ.

ಪಟ್ಟಿಯವರು ಪಟ್ಟಿ ಓದಿದರು. ಉಪಕರಣಗಳು ಸ್ವಸ್ಥಾನದಲ್ಲಿವೆಯೇ? ಇಲ್ಲ. ಹೊಳಪು ಉಳಿದಿದೆಯೇ? ಇಲ್ಲ. ನೆಲ? ಅವರು ನೆಲ ಹುಡುಕಿದರು, ಸಿಗಲಿಲ್ಲ. ವಿದ್ಯಾರ್ಥಿಗಳು ತಯಾರಿಸಿದ ವಸ್ತು? ಸ್ಟೂಲು ಕೊಟ್ಟೆವು. ಅವರು ಕೂತರು. ಯೋಚಿಸುತ್ತಿದ್ದ ಕಾಲು ನಿರ್ಧಾರಕ್ಕೆ ಬಂತು. ಗುಂಡ ಹಿಡಿದುಕೊಳ್ಳದಿದ್ದರೆ ಅವರು ನೆಲ ಎಲ್ಲಿದೆ ಎಂಬುದನ್ನೂ ಕಂಡುಹಿಡಿಯುತ್ತಿದ್ದರು.

ಅಧಿಕಾರಿಯಮ್ಮ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಏನೋ ಕೇಳಿದರು. ಬೆಳಗ್ಗೆಯಿಂದ ಆರು ಶಾಲೆ ಸುತ್ತಿ ಬಂದವರು. ನಾನು ಕೆಳಗೆ ಕರೆದುಕೊಂಡು ಹೋಗಿ ಅಗುಳಿಯಿದ್ದ ಬಾಗಿಲು ತೋರಿಸಿದೆ. ಮತ್ತೆ ಮೇಲೆ ಬಂದಾಗ ಅವರ ಮುಖ ಹಗುರವಾಗಿತ್ತು.

"ಆ ಅಗುಳಿ ಹಾಕಿದ್ದು ಯಾರು?"

ಮೂವತ್ತೆಂಟು ಕೈ ಎದ್ದವು. ಆಮೇಲೆ ಬಟ್ಟೆ ಕಟ್ಟಿದ ಹೆಬ್ಬೆರಳಿನ ಒಂದು ಕೈ.

"ಆರು ಶಾಲೆಯಲ್ಲಿ ಇದೊಂದೇ ಕಣ್ರೀ ನಾನು ಕಂಡಿದ್ದು. ಬರ್ಕೊಳ್ಳಿ," ಎಂದರು ಪಟ್ಟಿಯವರಿಗೆ.

ಪಟ್ಟಿಯವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಎಲ್ಲಿ ಬರೀಲಿ ಮೇಡಂ, ಇದಕ್ಕೆ ಕಾಲಂ ಇಲ್ಲ."

ವಾರ ಕಳೆದು ಆದೇಶ ಬಂತು. ಹೆಡ್ಮಾಸ್ಟರು ಅದನ್ನು ಎರಡು ಸಲ ಓದಿ ತಲೆ ಮೇಲೆ ಕೈ ಹೊತ್ತು ಕೂತರು. ನಾನು ಮೇಜು ಒರೆಸುವಾಗ ಓದಿಕೊಂಡೆ. 'ಉಪಕರಣಗಳು ಬಳಕೆಯಿಂದ ಸವೆದಿರುವುದರಿಂದ ಸದರಿ ಕೋಣೆಯು ಮಾದರಿ ಕೊಠಡಿಯಾಗಲು ಅರ್ಹವಲ್ಲ. ತರಗತಿಗಳಿಗೆ ಮಾತ್ರ ಬಳಸತಕ್ಕದ್ದು.' ಅದರ ಕೆಳಗೆ ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ, ಒಂದು ಸಾಲು ಸೇರಿಸಿತ್ತು: 'ಎ, ಬಿ, ಸಿ, ಡಿ ಎಲ್ಲ ವಿಭಾಗಗಳಿಗೂ.'

ನಾವು ಅನುತ್ತೀರ್ಣರಾಗಿದ್ದೆವು. ಮಗಳಿಗೆ ಹೇಳಿದೆ. ಅವಳು ಶಾಲೆಯ ಮೆಟ್ಟಿಲು ಮೂರು ಮೂರಾಗಿ ಹಾರಿಕೊಂಡು ಹೋದಳು.

ನನಗೂ ಒಂದು ಕಾಗದ ಬಂತು. ಹೆಡ್ಮಾಸ್ಟರ ಸಹಿ. 'ತಪಾಸಣೆಯ ದಿನ ತಾವು ಕೋಣೆಯನ್ನು ಗುಡಿಸಲು ನಿರಾಕರಿಸಿರುತ್ತೀರಿ. ತಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಲಿಖಿತ ಕಾರಣ ನೀಡತಕ್ಕದ್ದು.' ಹದಿನಾರು ವರ್ಷದಲ್ಲಿ ಮೊದಲ ಸಲ ನಾನು 'ತಾವು' ಆಗಿದ್ದೆ. ಅದೊಂದಕ್ಕೇ ಎರಡು ಸಲ ಓದಿದೆ.

ಕ್ಷಮೆ ಕೇಳಿಬಿಡು ಎಂದರು ಗುಮಾಸ್ತರು. ಎರಡು ಪುಟದ ಉತ್ತರ ಬರೆದುಕೊಡುತ್ತೇನೆ, ಕೊನೆಗೆ ನಾನೂ ಸಹಿ ಹಾಕುತ್ತೇನೆ ಎಂದರು ಬೀಗದ ಮೇಷ್ಟ್ರು. ಸಹಿ ಹಾಕಿ ಸಾರ್, ಎರಡು ಪುಟ ಬೇಡ ಎಂದೆ. ಬಕೆಟ್ಟಿನ ಗೂಡಿನಲ್ಲಿ ಕೂತು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾನೇ ಒಂದು ಸಾಲು ಬರೆದೆ.

'ಒಳಗೆ ಪಾಠ ನಡೆಯುತ್ತಿತ್ತು.'